ಬಿಚ್ಚುವ ಮುನ್ನ ಅಳೆಯಿರಿ: ಹಳೆಯ ಕಾರಿನ ಚಾರ್ಜಿಂಗ್ ದೋಷ ಹಿಡಿಯುವ ಬಗೆ

ಕಬಿನಿಯ ದಂಡೆಯ ಮುಳ್ಳನ್‌ಕೊಲ್ಲಿ ವಯನಾಡಿನ ಗಡಿ ಪಂಚಾಯಿತಿ. ಹೊಳೆಯಾಚೆ ಮೈಸೂರು ಜಿಲ್ಲೆಯ ಬೈರಕುಪ್ಪೆ. ಪೆರಿಕ್ಕಲ್ಲೂರು ಕಡವಿನಲ್ಲಿ ದೋಣಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಕರ್ನಾಟಕದ ನೆಲ ಸಿಗುತ್ತದೆ. ಆದರೆ ಕಾರಿದ್ದವರಿಗೆ ಆ ಹತ್ತಿರದ ದಾರಿ ಇಲ್ಲ. ಬಾವಲಿಯ ಕಾಡುದಾರಿ ಹಿಡಿಯಬೇಕು, ಇಲ್ಲವೇ ಸುಲ್ತಾನ್ ಬತ್ತೇರಿ ಸುತ್ತಿ ಬಂಡೀಪುರದ ಮೂಲಕ ಗುಂಡ್ಲುಪೇಟೆ ತಲುಪಬೇಕು. ಬಾವಲಿ ದಾರಿ ಸಂಜೆ 6ಕ್ಕೆ ಮುಚ್ಚುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಶುಂಠಿ ಬೆಳೆಯಲು ಮೈಸೂರು, ಚಾಮರಾಜನಗರ, ಕೊಡಗಿನ ಕಡೆ ಜಮೀನು ಗುತ್ತಿಗೆ ಹಿಡಿದ ವಯನಾಡಿನ ರೈತರು, ಮೈಸೂರಿನ ಆಸ್ಪತ್ರೆಗೆ ಹೋಗಿಬರುವವರು, ನೆಂಟರ ಮದುವೆಗೆ ಹೊರಟವರು, ಎಲ್ಲರೂ ಗೇಟಿನ ಸಮಯ ನೋಡಿಕೊಂಡೇ ಕೀಲಿ ತಿರುಗಿಸುತ್ತಾರೆ.

ಇಂಥ ದಾರಿಯಲ್ಲಿ ಮುಸ್ಸಂಜೆ ಹೊತ್ತಿಗೆ ಹೆಡ್‌ಲೈಟ್ ಮಂಕಾಗುತ್ತ ಬಂದರೆ, ವೈಪರ್ ಗಾಜಿನ ಮೇಲೆ ತೆವಳಲು ಶುರುಮಾಡಿದರೆ ಅದು ಸಣ್ಣ ತೊಂದರೆಯಲ್ಲ. ಹುಲಿ ಸಂರಕ್ಷಿತ ಪ್ರದೇಶದ ನಡುವೆ ಗಾಡಿ ನಿಂತರೆ ಇಳಿದು ತಳ್ಳುವ ಹಾಗೂ ಇಲ್ಲ. ಇಷ್ಟಾದರೂ ಚಾರ್ಜಿಂಗ್ ದೋಷದ ವಿಷಯದಲ್ಲಿ ನಮ್ಮಲ್ಲಿ ನಡೆಯುವುದು ಬಹುಮಟ್ಟಿಗೆ ಊಹೆಯ ಕೆಲಸ. ಬ್ಯಾಟರಿ ಬದಲಾಯಿಸುತ್ತಾರೆ, ಸರಿಹೋಗಲಿಲ್ಲವೆಂದರೆ ಆಲ್ಟರ್ನೇಟರ್ ಬಿಚ್ಚುತ್ತಾರೆ, ಅದೂ ಆಗದಿದ್ದರೆ ಗಾಡಿಯನ್ನೇ ಮಾರುವ ಮಾತು ಬರುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಒಂದು ಮಲ್ಟಿಮೀಟರ್ ಮತ್ತು ಅರ್ಧ ಗಂಟೆಯ ತಾಳ್ಮೆ ಇದ್ದರೆ ಈ ಖರ್ಚಿನ ಬಹುಪಾಲನ್ನು ಉಳಿಸಬಹುದು. ಯಾವ ಭಾಗವನ್ನೂ ಅಳೆಯದೆ ಬಿಚ್ಚಬಾರದು ಎಂಬುದು ಈ ಲೇಖನದ ಒಟ್ಟು ಸಾರ.

ಕಾರಿನೊಳಗಿನ ವಿದ್ಯುತ್ ಘಟಕ

1983ರಲ್ಲಿ ರಸ್ತೆಗಿಳಿದು 2014ರವರೆಗೆ ತಯಾರಾದ ಮಾರುತಿ 800 ಇರಲಿ, ತೋಟದ ಏರುದಾರಿಗಳಲ್ಲಿ ಇಂದಿಗೂ ಓಡುವ ಮಹೀಂದ್ರ ಜೀಪ್ ಇರಲಿ, ಚಾರ್ಜಿಂಗ್ ವ್ಯವಸ್ಥೆಯ ಹಂದರ ಒಂದೇ. ಬ್ಯಾಟರಿ, ಆಲ್ಟರ್ನೇಟರ್, ಅದನ್ನು ತಿರುಗಿಸುವ ಫ್ಯಾನ್ ಬೆಲ್ಟ್, ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್, ಇವನ್ನೆಲ್ಲ ಜೋಡಿಸುವ ವೈರುಗಳು. ಬ್ಯಾಟರಿಯ ಮುಖ್ಯ ಕೆಲಸ ಎಂಜಿನ್ ಸ್ಟಾರ್ಟ್ ಮಾಡುವುದು. ಎಂಜಿನ್ ಓಡತೊಡಗಿದ ಮೇಲೆ ದೀಪ, ಹಾರ್ನ್, ವೈಪರ್, ಇಗ್ನಿಷನ್ ಎಲ್ಲದಕ್ಕೂ ವಿದ್ಯುತ್ ಕೊಡಬೇಕಾದ್ದು ಆಲ್ಟರ್ನೇಟರ್. ಸ್ಟಾರ್ಟ್ ಮಾಡುವಾಗ ಖರ್ಚಾದ ಚಾರ್ಜನ್ನು ಬ್ಯಾಟರಿಗೆ ಮರಳಿ ತುಂಬುವುದೂ ಅದೇ.

ಆಲ್ಟರ್ನೇಟರ್ ಒಳಗೆ ತಿರುಗುವ ರೋಟರ್ ಒಂದು ವಿದ್ಯುತ್ಕಾಂತ. ಎರಡು ಸಣ್ಣ ಕಾರ್ಬನ್ ಬ್ರಷ್‌ಗಳು ಸ್ಲಿಪ್ ರಿಂಗ್‌ಗಳ ಮೇಲೆ ಸವರುತ್ತ ಅದಕ್ಕೆ ಕೆಲವೇ ಆಂಪಿಯರ್ ವಿದ್ಯುತ್ ಕೊಡುತ್ತವೆ. ಕಾಂತ ತಿರುಗಿದಾಗ ಸುತ್ತಲಿನ ಸ್ಟೇಟರ್‌ನ ಮೂರು ವೈಂಡಿಂಗ್‌ಗಳಲ್ಲಿ ಎಸಿ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವ ಇದೇ. ಬ್ಯಾಟರಿಗೆ ಬೇಕಾದ್ದು ಡಿಸಿ. ಆದ್ದರಿಂದ ಹಿಂಬದಿಯ ತಟ್ಟೆಯಲ್ಲಿ ಕೂತ ಡಯೋಡ್‌ಗಳು ಎಸಿಯನ್ನು ಡಿಸಿಯಾಗಿ ಬದಲಿಸುತ್ತವೆ. ಎಂಜಿನ್ ವೇಗ ಹೆಚ್ಚಿದಾಗ ವೋಲ್ಟೇಜ್ ಮಿತಿ ಮೀರದಂತೆ ರೆಗ್ಯುಲೇಟರ್ ರೋಟರ್‌ನ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ತಗ್ಗಿಸಿ ಏರಿಸುತ್ತದೆ.

ಇನ್ನೂ ಹಳೆಯ ಅಂಬಾಸಿಡರ್, ಜೀಪುಗಳಲ್ಲಿ ಆಲ್ಟರ್ನೇಟರ್ ಬದಲು ಡೈನಮೊ ಇರುತ್ತಿತ್ತು; ಜೊತೆಗೆ ಕಟೌಟ್ ಇದ್ದ ಪ್ರತ್ಯೇಕ ಪೆಟ್ಟಿಗೆ. ಡೈನಮೊ ಎಂಜಿನ್ ಐಡಲ್‌ನಲ್ಲಿದ್ದಾಗ ಹೆಚ್ಚುಕಡಿಮೆ ಏನನ್ನೂ ಚಾರ್ಜ್ ಮಾಡದು. ಹಾಗಾಗಿ ಡೈನಮೊ ಗಾಡಿಯನ್ನು ಪರೀಕ್ಷಿಸುವಾಗ ಎಂಜಿನ್ ವೇಗ ಏರಿಸಿಯೇ ಅಳೆಯಬೇಕು. ಇಲ್ಲದಿದ್ದರೆ ಸರಿಯಿರುವುದನ್ನೇ ಕೆಟ್ಟಿದೆ ಎಂದುಕೊಳ್ಳುತ್ತೇವೆ.

ಕೆಂಪು ದೀಪ ಹೇಳುವುದೇನು

ಡ್ಯಾಶ್‌ಬೋರ್ಡ್‌ನ ಬ್ಯಾಟರಿ ಚಿತ್ರದ ಕೆಂಪು ದೀಪ ಬ್ಯಾಟರಿಯ ಆರೋಗ್ಯ ತೋರಿಸುವುದಿಲ್ಲ. ಹಳೆಯ ಗಾಡಿಗಳಲ್ಲಿ ಅದರ ಒಂದು ಕಡೆಗೆ ಇಗ್ನಿಷನ್ ಸ್ವಿಚ್‌ನಿಂದ ಬ್ಯಾಟರಿಯ ವೋಲ್ಟೇಜ್, ಇನ್ನೊಂದು ಕಡೆಗೆ ಆಲ್ಟರ್ನೇಟರ್‌ನ ವೋಲ್ಟೇಜ್ ಬರುತ್ತದೆ. ಎರಡೂ ಸಮವಾದಾಗ ದೀಪ ಆರುತ್ತದೆ, ವ್ಯತ್ಯಾಸವಿದ್ದರೆ ಉರಿಯುತ್ತದೆ. ಇಷ್ಟು ತಿಳಿದರೆ ಮೀಟರ್ ಹಿಡಿಯುವ ಮೊದಲೇ ಅರ್ಧ ಸುಳಿವು ಸಿಗುತ್ತದೆ.

ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ಆನ್ ಮಾಡಿದಾಗ ದೀಪ ಉರಿಯಲೇಬೇಕು. ಉರಿಯದಿದ್ದರೆ ಬಲ್ಬ್ ಹೋಗಿರಬಹುದು, ವೈರ್ ತುಂಡಾಗಿರಬಹುದು, ಕಾರ್ಬನ್ ಸವೆದಿರಬಹುದು. ಹಳೆಯ ವಿನ್ಯಾಸಗಳಲ್ಲಿ ಈ ಬಲ್ಬಿನ ಮೂಲಕವೇ ರೋಟರ್‌ಗೆ ಮೊದಲ ವಿದ್ಯುತ್ ಹೋಗುವುದರಿಂದ, ಕೇವಲ ಒಂದು ಬಲ್ಬ್ ಸುಟ್ಟ ಕಾರಣಕ್ಕೆ ಆಲ್ಟರ್ನೇಟರ್ ಚಾರ್ಜ್ ಮಾಡದೆ ಇರುವುದುಂಟು. ಎಂಜಿನ್ ಓಡುವಾಗ ದೀಪ ಪೂರ್ತಿ ಉರಿದರೆ ಬೆಲ್ಟ್ ಹರಿದಿದೆ ಅಥವಾ ಆಲ್ಟರ್ನೇಟರ್ ಉತ್ಪಾದನೆಯೇ ನಿಂತಿದೆ. ಮಂಕಾಗಿ ಉರಿದರೆ ಡಯೋಡ್ ಅಥವಾ ಜೋಡಣೆಯ ಮೇಲೆ ಅನುಮಾನ ಪಡಬೇಕು. ಕೀಲಿ ತೆಗೆದ ಮೇಲೂ ಮಿಣುಕುತ್ತಿದ್ದರೆ ಯಾವುದೋ ಡಯೋಡ್ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು.

ದೀಪ ಆರಿದೆ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎನ್ನುವಂತಿಲ್ಲ. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ಹೋಗುವ ದಪ್ಪ ವೈರೇ ಕಡಿದುಹೋಗಿದ್ದರೂ ಕೆಲವು ಗಾಡಿಗಳಲ್ಲಿ ದೀಪ ಆರಿಯೇ ಇರುತ್ತದೆ. ಅದಕ್ಕೇ ಮೀಟರ್ ಬೇಕು.

ಮೊದಲು ಕಣ್ಣು, ಆಮೇಲೆ ಮೀಟರ್

ಬಾನೆಟ್ ಎತ್ತಿ ಮೊದಲು ನೋಡಬೇಕಾದ್ದು ಬೆಲ್ಟ್. ಬಿರುಕು, ಎಣ್ಣೆಯ ಪಸೆ, ಕನ್ನಡಿಯಂತೆ ಹೊಳೆಯುವ ಒಳಮೈ, ಇವೆಲ್ಲ ಜಾರುವ ಬೆಲ್ಟಿನ ಗುರುತು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು. ಸಡಿಲ ಬೆಲ್ಟ್ ಮಳೆಗಾಲದಲ್ಲಿ, ಅದರಲ್ಲೂ ಹೆಡ್‌ಲೈಟ್ ಹಾಕಿದಾಗ ಕಿರ್ರೆಂದು ಕೂಗಿ ಜಾರುತ್ತದೆ. ಬಿಸಿಲಿನ ದಿನ ಏನೂ ಆಗದಂತೆ ಇರುತ್ತದೆ. ‘ಮಳೆಯಲ್ಲಿ ಮಾತ್ರ ಚಾರ್ಜ್ ಆಗೋದಿಲ್ಲ’ ಎಂಬ ದೂರಿಗೆ ಎಷ್ಟೋ ಸಲ ಇದೇ ಉತ್ತರ. ಅತಿ ಬಿಗಿ ಮಾಡಿದರೂ ತೊಂದರೆ: ಆಲ್ಟರ್ನೇಟರ್ ಮತ್ತು ವಾಟರ್ ಪಂಪ್‌ನ ಬೇರಿಂಗ್ ಬೇಗ ಸವೆಯುತ್ತವೆ.

ನಂತರ ಬ್ಯಾಟರಿಯ ಟರ್ಮಿನಲ್. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಒಣಗಿಸಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಬ್ಯಾಟರಿಯ ಮುಚ್ಚಳದೊಳಕ್ಕೆ ಸೋಡಾ ನೀರು ಇಳಿಯಬಾರದು. ಕ್ಲ್ಯಾಂಪನ್ನು ಕೈಯಲ್ಲಿ ತಿರುಗಿಸಿದರೆ ಅದು ಅಲುಗಲೇಬಾರದು.

ಈಗ ಮೀಟರ್. ಗಾಡಿ ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯ ಎರಡು ತುದಿಗೆ ಇಟ್ಟಾಗ 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ತಿಳಿಯಬೇಕು. ಖಾಲಿ ಬ್ಯಾಟರಿಯನ್ನು ಮೊದಲು ಹೊರಗಿನ ಚಾರ್ಜರ್‌ನಲ್ಲಿ ತುಂಬಿಸಿ ಆಮೇಲೆ ಮುಂದಿನ ಪರೀಕ್ಷೆಗೆ ಹೋಗಬೇಕು. ಇಲ್ಲದಿದ್ದರೆ ಅಳತೆಗಳೆಲ್ಲ ದಾರಿ ತಪ್ಪಿಸುತ್ತವೆ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರ್‌ನಿಂದ ಆರೂ ಸೆಲ್ ನೋಡುವುದು ಇನ್ನೂ ಒಳ್ಳೆಯದು. ಐದು ಸೆಲ್ ಒಂದೇ ಸಮ ಇದ್ದು ಒಂದು ಮಾತ್ರ ತೀರ ಕೆಳಗಿದ್ದರೆ ಬ್ಯಾಟರಿಯ ಆಯಸ್ಸು ಮುಗಿದಿದೆ. ಆಲ್ಟರ್ನೇಟರ್ ಮುಟ್ಟುವ ಅಗತ್ಯವಿಲ್ಲ.

ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಬ್ಯಾಟರಿಯ ಮೇಲೆ ಮತ್ತೆ ಅಳೆಯಿರಿ. 13.8ರಿಂದ 14.5 ವೋಲ್ಟ್ ಬರಬೇಕು. ಈಗ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿ. ಆಗಲೂ 13.5ರ ಮೇಲೆ ನಿಂತರೆ ಆಲ್ಟರ್ನೇಟರ್ ಮೇಲಿನ ಅನುಮಾನ ಬಹುತೇಕ ಬಿಡಬಹುದು. 12.5ಕ್ಕಿಂತ ಕೆಳಗೆ ಇಳಿಯುತ್ತ ಹೋದರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ: ಬ್ಯಾಟರಿಯ ನೀರು ಬೇಗ ಬತ್ತುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಬಲ್ಬ್‌ಗಳು ಮೇಲಿಂದ ಮೇಲೆ ಹೋಗುತ್ತವೆ. ಚಾರ್ಜ್ ಆಗದಿರುವುದನ್ನು ಎಲ್ಲರೂ ಗಮನಿಸುತ್ತಾರೆ. ಅತಿಯಾಗಿ ಆಗುವುದನ್ನು ಹೆಚ್ಚಿನವರು ಗಮನಿಸುವುದು ಎರಡನೇ ಬ್ಯಾಟರಿ ಕೆಟ್ಟ ಮೇಲೆ.

ವೈರಿನಲ್ಲಿ ಕಳೆದುಹೋಗುವ ವೋಲ್ಟ್

ಇಲ್ಲಿಂದ ಮುಂದಿನ ಪರೀಕ್ಷೆಯನ್ನು ಎಷ್ಟೋ ಗ್ಯಾರೇಜ್‌ಗಳು ಮಾಡುವುದೇ ಇಲ್ಲ. ಹಳೆಯ ಗಾಡಿಗೆ ಅತ್ಯಂತ ಅಗತ್ಯವಾದದ್ದು ಅದೇ. ಮುಳ್ಳನ್‌ಕೊಲ್ಲಿಯ ರಸ್ತೆಬದಿಯ ಗ್ಯಾರೇಜೊಂದರಲ್ಲಿ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಅದನ್ನು ಮಾಡಿದ ರೀತಿ ಕಣ್ಣಿಗೆ ಕಟ್ಟಿದಂತಿದೆ. ಎದುರಿಗಿದ್ದದ್ದು ಬಣ್ಣ ಮಾಸಿದ ಒಂದು ಮಾರುತಿ 800. ಹೊಸ ಬ್ಯಾಟರಿ ಹಾಕಿಸಿದ್ದರು. ಬೇರೆಡೆ ಆಲ್ಟರ್ನೇಟರ್ ಕೂಡ ಬದಲಾಗಿತ್ತು. ಆದರೂ ಎರಡು ದಿನ ನಿಲ್ಲಿಸಿದರೆ ಸೆಲ್ಫ್ ಎಳೆಯುತ್ತಿರಲಿಲ್ಲ.

ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ ಅವರು ಬ್ಯಾಟರಿಯ ಮೇಲೆ ಅಳೆದರು: 13.1 ವೋಲ್ಟ್. ಮೀಟರಿನ ಕೆಂಪು ಮೊನೆಯನ್ನು ಆಲ್ಟರ್ನೇಟರ್‌ನ ದಪ್ಪ ಟರ್ಮಿನಲ್‌ಗೂ ಕಪ್ಪು ಮೊನೆಯನ್ನು ಅದರದೇ ಲೋಹದ ಮೈಗೂ ಒತ್ತಿದರು: 14.2. ಆಲ್ಟರ್ನೇಟರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಹುಟ್ಟಿದ 14.2ರಲ್ಲಿ 1.1 ವೋಲ್ಟ್ ದಾರಿಯಲ್ಲೇ ಕಳೆಯುತ್ತಿತ್ತು. ಎಲ್ಲಿ? ಆಲ್ಟರ್ನೇಟರ್‌ನ ದಪ್ಪ ಟರ್ಮಿನಲ್‌ನಿಂದ ಬ್ಯಾಟರಿಯ ಪಾಸಿಟಿವ್‌ಗೆ ಇಟ್ಟಾಗ 0.2. ಅದು ಪರವಾಗಿಲ್ಲ. ಆಲ್ಟರ್ನೇಟರ್‌ನ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಇಟ್ಟಾಗ 0.9. ದೋಷ ಸಿಕ್ಕಿತು. ಎಂಜಿನ್ ಮತ್ತು ಬಾಡಿಯನ್ನು ಜೋಡಿಸುವ ಅರ್ತ್ ಪಟ್ಟಿಯ ಬೋಲ್ಟ್ ಕೆಳಗೆ ತುಕ್ಕು, ಮಣ್ಣು, ಯಾವತ್ತೋ ಬಾಡಿಗೆ ಹೊಡೆದ ಪೇಂಟಿನ ಪದರ. ಬಿಚ್ಚಿ, ಎಮೆರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿ ಮಾಡಿದರು. ಮತ್ತೆ ಅಳೆದಾಗ ಅರ್ತ್ ಕಡೆಯ ನಷ್ಟ 0.1ಕ್ಕೆ ಇಳಿದು, ಬ್ಯಾಟರಿಯ ಮೇಲೆ 13.9 ವೋಲ್ಟ್ ನಿಂತಿತು.

ಲೆಕ್ಕ ಸರಳ. ವೈರಿನಲ್ಲಿ 30 ಆಂಪಿಯರ್ ಹರಿಯುವಾಗ ಕೇವಲ 0.03 ಓಮ್ ತಡೆ ಇದ್ದರೂ 0.9 ವೋಲ್ಟ್ ಕಳೆದುಹೋಗುತ್ತದೆ. ಅಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮೀಟರಿನ ಓಮ್ ಅಳತೆ ತೋರಿಸಲಾರದು. ಅದಕ್ಕೇ ವಿದ್ಯುತ್ ಹರಿಯುತ್ತಿರುವಾಗಲೇ ವೋಲ್ಟ್‌ನಲ್ಲಿ ಅಳೆಯಬೇಕು. ಪಾಸಿಟಿವ್ ಕಡೆ 0.3, ಅರ್ತ್ ಕಡೆ 0.2 ದಾಟಿದರೆ ಜೋಡಣೆಗಳನ್ನು ಬಿಚ್ಚಿ ಶುಚಿ ಮಾಡಲೇಬೇಕು. ಅರ್ತ್ ಕೆಟ್ಟ ಗಾಡಿಗೆ ಇನ್ನೊಂದು ಗುರುತೂ ಇದೆ. ಸೆಲ್ಫ್ ನಿಧಾನ ತಿರುಗುತ್ತದೆ, ಹಲವು ಸಲ ಹೊಡೆದ ಮೇಲೆ ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಮುಟ್ಟಿದರೆ ಬಿಸಿಯಾಗಿರುತ್ತದೆ. ಅರ್ತ್ ಪಟ್ಟಿಯಲ್ಲಿ ದಾರಿ ಸಿಗದ ವಿದ್ಯುತ್ ಆ ಕೇಬಲ್‌ನ ಉಕ್ಕಿನ ಎಳೆಗಳ ಮೂಲಕ ಹಾದುಹೋಗುತ್ತಿರುತ್ತದೆ.

ಆಲ್ಟರ್ನೇಟರ್ ನಿಜಕ್ಕೂ ಕೆಟ್ಟಿದ್ದರೆ

ದಪ್ಪ ಟರ್ಮಿನಲ್‌ನಲ್ಲೇ ವೋಲ್ಟ್ ಏರದಿದ್ದರೆ ಆಗ ಆಲ್ಟರ್ನೇಟರ್ ಕಡೆ ತಿರುಗಬೇಕು. ಆಗಲೂ ಬಿಚ್ಚುವ ಮೊದಲು ಒಂದು ಸುಲಭ ಪರೀಕ್ಷೆಯಿದೆ. ಎಂಜಿನ್ ನಿಂತಿರಲಿ, ಕೀಲಿ ಆನ್ ಇರಲಿ. ಉಕ್ಕಿನ ಸ್ಕ್ರೂಡ್ರೈವರ್‌ನ ತುದಿಯನ್ನು ಆಲ್ಟರ್ನೇಟರ್‌ನ ಹಿಂಬದಿಯ ಬೇರಿಂಗ್ ಹತ್ತಿರ ಹಿಡಿಯಿರಿ. ಕಾಂತದಂತೆ ಸೆಳೆದರೆ ರೋಟರ್‌ಗೆ ವಿದ್ಯುತ್ ಹೋಗುತ್ತಿದೆ. ಸೆಳೆಯದಿದ್ದರೆ ಕಾರ್ಬನ್, ರೆಗ್ಯುಲೇಟರ್ ಅಥವಾ ಅಲ್ಲಿಗೆ ಬರುವ ಸಣ್ಣ ವೈರ್ ನೋಡಬೇಕು. ಸವೆದ ಕಾರ್ಬನ್ ಬದಲಿಸುವುದು ಕಡಿಮೆ ಖರ್ಚಿನ ಕೆಲಸ. ಅದಕ್ಕಾಗಿ ಇಡೀ ಆಲ್ಟರ್ನೇಟರ್ ಬದಲಿಸಬೇಕಿಲ್ಲ.

ಕಾಂತ ಇದೆ, ಬೆಲ್ಟ್ ಬಿಗಿಯಿದೆ, ಆದರೂ ಚಾರ್ಜ್ ಸಾಲದು ಎಂದರೆ ಡಯೋಡ್ ಮೇಲೆ ಕಣ್ಣಿಡಬೇಕು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿಯ ಮೇಲಿಡಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಡಯೋಡ್ ಹೋಗಿರುವ ಶಂಕೆ ಬಲವಾಗುತ್ತದೆ. ರೇಡಿಯೊದಲ್ಲಿ ಎಂಜಿನ್ ವೇಗದೊಂದಿಗೆ ಏರಿಳಿಯುವ ಗುಂಯ್ ಸದ್ದೂ ಇದಕ್ಕೆ ಸಾಕ್ಷಿ. ಶಾರ್ಟ್ ಆದ ಡಯೋಡ್ ರಾತ್ರಿಯಿಡೀ ಬ್ಯಾಟರಿಯನ್ನು ಬರಿದು ಮಾಡುವುದೂ ಉಂಟು. ಆದ್ದರಿಂದ ಗಾಡಿ ನಿಂತಾಗ ಚಾರ್ಜ್ ಇಳಿಯುತ್ತಿದ್ದರೆ, ಎಲ್ಲ ಸ್ವಿಚ್ ಆಫ್ ಮಾಡಿ, ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ, ಆ ಕ್ಲ್ಯಾಂಪ್ ಮತ್ತು ಬ್ಯಾಟರಿಯ ನಡುವೆ ಮೀಟರನ್ನು ಆಂಪಿಯರ್ ಅಳತೆಯಲ್ಲಿ ಜೋಡಿಸಿ ನೋಡಿ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಅಳತೆ ಇಳಿಯುತ್ತದೋ ಸೋರಿಕೆ ಆ ದಾರಿಯಲ್ಲಿದೆ. ಎಲ್ಲ ಫ್ಯೂಸ್ ತೆಗೆದರೂ ಇಳಿಯದಿದ್ದರೆ ಆಲ್ಟರ್ನೇಟರ್‌ನ ದಪ್ಪ ವೈರ್ ಬಿಡಿಸಿ ನೋಡಬೇಕು. ಮೀಟರ್ ಹೀಗೆ ಜೋಡಿಸಿರುವಾಗ ಸೆಲ್ಫ್ ಹೊಡೆಯಲೇಬಾರದು.

ಡೀಸೆಲ್ ಗಾಡಿಯವರು ಇನ್ನೆರಡು ಸಂಗತಿ ತಿಳಿದಿರಬೇಕು. ಎಳೆದು ನಿಲ್ಲಿಸುವ ಸ್ಟಾಪ್ ಕೇಬಲ್ ಇರುವ ಹಳೆಯ ಡೀಸೆಲ್ ಎಂಜಿನ್‌ಗೆ ಒಮ್ಮೆ ಓಡತೊಡಗಿದ ಮೇಲೆ ವಿದ್ಯುತ್ ಬೇಕಿಲ್ಲ. ಹಾಗಾಗಿ ಹಗಲಲ್ಲಿ ಓಡುವ ಜೀಪಿನ ಚಾರ್ಜಿಂಗ್ ದೋಷ ವಾರಗಟ್ಟಲೆ ಗೊತ್ತಾಗುವುದಿಲ್ಲ. ಎರಡನೆಯದು ಪ್ರಾಣದ ಪ್ರಶ್ನೆ. ಹಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್‌ನ ಬೆನ್ನಿಗೇ ಕೂತಿರುತ್ತದೆ. ಬೆಲ್ಟ್ ಹರಿದರೆ ಚಾರ್ಜ್ ನಿಲ್ಲುವುದರ ಜೊತೆಗೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಘಾಟಿ ಇಳಿಯುವಾಗ ಇದರ ಅರ್ಥ ಏನೆಂದು ವಿವರಿಸಬೇಕಿಲ್ಲ. ಆ ಪಂಪ್‌ನ ಸೀಲ್ ಸೋರಿ ಆಯಿಲ್ ಒಳನುಗ್ಗಿದರೆ ಕಾರ್ಬನ್, ಸ್ಲಿಪ್ ರಿಂಗ್ ಎರಡೂ ಕೆಡುತ್ತವೆ. ಸೀಲ್ ಬದಲಿಸದೆ ಕಾರ್ಬನ್ ಮಾತ್ರ ಹಾಕಿದರೆ ತೊಂದರೆ ಮರಳಿ ಬರುತ್ತದೆ.

ಮಾಡಬಾರದ ಕೆಲಸಗಳು

ಎಂಜಿನ್ ಓಡುವಾಗ ಬ್ಯಾಟರಿಯ ಕ್ಲ್ಯಾಂಪ್ ಕಿತ್ತು, ‘ಎಂಜಿನ್ ನಿಲ್ಲಲಿಲ್ಲ, ಆಲ್ಟರ್ನೇಟರ್ ಸರಿಯಿದೆ’ ಎನ್ನುವ ಪದ್ಧತಿ ಇನ್ನೂ ಹೋಗಿಲ್ಲ. ಡೈನಮೊ ಕಾಲದಿಂದ ಉಳಿದು ಬಂದ ಈ ಅಭ್ಯಾಸ ಆಲ್ಟರ್ನೇಟರ್‌ಗೆ ಮಾರಕ. ಬ್ಯಾಟರಿ ಕಳಚಿದ ಕ್ಷಣದಲ್ಲಿ ವೋಲ್ಟೇಜ್ ದಿಢೀರ್ ಜಿಗಿದು ಡಯೋಡ್, ರೆಗ್ಯುಲೇಟರ್ ಸುಡಬಹುದು. ಟರ್ಮಿನಲ್‌ಗೆ ವೈರ್ ತಾಗಿಸಿ ಕಿಡಿ ನೋಡುವುದೂ ಅಷ್ಟೇ ಅಪಾಯ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಬಳಿಯಲ್ಲಿ ಬೀಡಿ, ಬೆಂಕಿಕಡ್ಡಿ ಸಲ್ಲದು. ಬೇರೆ ಗಾಡಿಯಿಂದ ಜಂಪರ್ ಹಾಕುವಾಗ ಕೊನೆಯ ನೆಗೆಟಿವ್ ಕ್ಲಿಪ್ಪನ್ನು ಬ್ಯಾಟರಿಗೆ ಹಾಕದೆ, ದೂರದ ಎಂಜಿನ್ ಲೋಹಕ್ಕೆ ಕಚ್ಚಿಸಬೇಕು ಎನ್ನುವುದೂ ಇದೇ ಕಾರಣಕ್ಕೆ.

ದಾರಿಯಲ್ಲಿ ದೀಪ ಉರಿದರೆ

ಓಡುವಾಗ ಕೆಂಪು ದೀಪ ಹತ್ತಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಮೊದಲು ಬೆಲ್ಟ್ ನೋಡಿ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವ ಗಾಡಿಯಾದರೆ, ಬೆಲ್ಟ್ ಹರಿದ ಮೇಲೆ ಓಡಿಸುವುದೆಂದರೆ ಎಂಜಿನ್ ಸುಡುವುದು. ಬೆಲ್ಟ್ ಗಟ್ಟಿಯಿದ್ದರೆ ಉಳಿದ ಬ್ಯಾಟರಿಯ ಲೆಕ್ಕ ಹಾಕಿ. ಹೆಡ್‌ಲೈಟ್‌ನ ಎರಡು ಬಲ್ಬ್ ಸೇರಿ 110 ವಾಟ್. ಹಿಂದಿನ ದೀಪ, ವೈಪರ್, ಇಗ್ನಿಷನ್ ಸೇರಿದರೆ 200 ವಾಟ್ ದಾಟುತ್ತದೆ, ಅಂದರೆ ಸುಮಾರು 18 ಆಂಪಿಯರ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ ಎರಡು ಗಂಟೆ ಬರಬೇಕು. ಅರ್ಧ ಸವೆದ ಬ್ಯಾಟರಿ ಒಂದು ಗಂಟೆಯೂ ಬರದು. ಹಗಲಾದರೆ, ದೀಪ, ಬ್ಲೋವರ್, ರೇಡಿಯೊ ಆರಿಸಿ, ಎಂಜಿನ್ ನಿಲ್ಲಿಸದೆ ಹತ್ತಿರದ ಊರು ಸೇರಬಹುದು. ಸಂಜೆಯಾದರೆ, ಮುಂದೆ ಕಾಡಿನ ಗೇಟಿದ್ದರೆ, ಗೇಟು ದಾಟದಿರುವುದೇ ಜಾಣತನ.

ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಆ ಹೊತ್ತಿಗೆ ಬ್ರೇಕ್, ಟೈರ್, ಹೊಗೆ ನೋಡಿಸುವ ನಾವು ಚಾರ್ಜಿಂಗ್ ಕಡೆ ತಿರುಗಿಯೂ ನೋಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಬೆಲ್ಟ್, ಟರ್ಮಿನಲ್, ಅರ್ತ್ ಪಟ್ಟಿ ಶುಚಿ ಮಾಡಿಸಿ, ನಾಲ್ಕು ಅಳತೆ ಬರೆದಿಟ್ಟುಕೊಳ್ಳಿ: ನಿಂತಾಗಿನ ವೋಲ್ಟ್, ಓಡುವಾಗಿನ ವೋಲ್ಟ್, ಪಾಸಿಟಿವ್ ಕಡೆಯ ನಷ್ಟ, ಅರ್ತ್ ಕಡೆಯ ನಷ್ಟ. ಮುಂದಿನ ಸಲ ತೊಂದರೆ ಬಂದಾಗ ಯಾವ ಅಂಕಿ ಬದಲಾಗಿದೆ ಎಂಬುದೇ ದೋಷದ ಜಾಗ ತೋರಿಸುತ್ತದೆ.

ಸಣ್ಣ ಊರಿನ ಆಟೊ ಎಲೆಕ್ಟ್ರಿಷಿಯನ್‌ಗಳಲ್ಲಿ ಅಳೆದು ಕೆಲಸ ಮಾಡುವವರು ಇದ್ದಾರೆ. ಗಿರಾಕಿ ಕೇಳದ ಕಾರಣಕ್ಕೆ ಮೀಟರನ್ನು ಡಬ್ಬಿಯಲ್ಲೇ ಇಟ್ಟವರೂ ಇದ್ದಾರೆ. ಅಳತೆಗೆ ತಗಲುವ ಸಮಯಕ್ಕೆ ಕೂಲಿ ಕೊಡಲು ನಾವು ಹಿಂಜರಿಯಬಾರದು. ಕಾಣದ ದೋಷವನ್ನು ಹುಡುಕಿ ತೋರಿಸುವುದೂ ರಿಪೇರಿಯ ಭಾಗವೇ. ಇನ್ನು ಮುಂದೆ ಯಾರಾದರೂ ‘ಆಲ್ಟರ್ನೇಟರ್ ಹೋಗಿದೆ’ ಎಂದರೆ, ಸ್ಪ್ಯಾನರ್ ಎತ್ತುವ ಮೊದಲು ಒಂದು ಪ್ರಶ್ನೆ ಕೇಳಿ: ಬ್ಯಾಟರಿಯ ಮೇಲೆ ಎಷ್ಟು ವೋಲ್ಟ್ ಇದೆ, ಆಲ್ಟರ್ನೇಟರ್ ಮೇಲೆ ಎಷ್ಟಿದೆ? ಎರಡೂ ಅಂಕಿ ಕೈಗೆ ಬರುವವರೆಗೆ ಏನನ್ನೂ ಬಿಚ್ಚಲು ಬಿಡಬೇಡಿ.